ಫೋಟೋಗೆ ಹಿಡಿಸದ ಡ್ರಮ್ಮು: ಅಪ್ಪನ ಜೊತೆ ಕ್ವಿನ್ಸಿ ತಾಮ್ರದ ಗಣಿಯಲ್ಲಿ

ಅಪ್ಪ ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳಾಗಿತ್ತು. ಕೆರೆಗಳನ್ನು ತೋರಿಸಿದೆವು, ಮಾಲ್ ಸುತ್ತಿಸಿದೆವು, ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು. ಎಲ್ಲದಕ್ಕೂ "ಚೆನ್ನಾಗಿದೆ ಕಣಮ್ಮ" ಅನ್ನುವ ಒಂದೇ ಮಾತು. ಊರಿಗೆ ವಾಪಸ್ ಹೋಗಲು ದಿನ ಎಣಿಸುತ್ತಿದ್ದಾರೆ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಒಂದು ರಾತ್ರಿ ನನ್ನ ಮಗ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟ. "ತಾತ, ನೀವು ಓಡಿಸ್ತಿದ್ದಿದ್ದು ಇಂಥದ್ದನ್ನೇ ಅಲ್ವಾ?" ಪರದೆಯ ಮೇಲೆ ಭಾರೀ ಡ್ರಮ್ಮೊಂದು, ಅದರ ಮೈಗೆ ಸುತ್ತಿದ ಉಕ್ಕಿನ ಹಗ್ಗ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡರು. ಸುಮಾರು ಹೊತ್ತು ನೋಡಿ, "ಎಷ್ಟು ದೂರ ಇದು?" ಅಂದರು. ಎರಡು ತಿಂಗಳಲ್ಲಿ ಅವರು ತಾವಾಗಿ ಕೇಳಿದ ಮೊದಲ ಜಾಗ ಅದು.

ಅಪ್ಪ ಕೆಜಿಎಫ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಶಾಫ್ಟ್ ಅಂದರೆ ಗಣಿಗೆ ಇಳಿಯುವ ಬಾವಿ. ಅದರೊಳಗೆ ಜನರ ಕೇಜು, ಅದಿರು ತುಂಬುವ ತೊಟ್ಟಿ ಸ್ಕಿಪ್ಪು ಏರಿಸಿ ಇಳಿಸುವ ಯಂತ್ರದ ಮುಂದೆ ಕೂರುವ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅವರು ಅಂಥ ಲಿವರ್ ಮುಟ್ಟಿಲ್ಲ.

ಮೊದಲ ದಿನ, ಗುರುವಾರ

ಸೆಪ್ಟೆಂಬರ್ ಕೊನೆ. ಬೆಳಿಗ್ಗೆ ಏಳಕ್ಕೆ ಹೊರಟೆವು. ಯಜಮಾನರಿಗೆ ರಜೆ ಸಿಗಲಿಲ್ಲ, ಹಾಗಾಗಿ ಅಪ್ಪ, ಮಗ, ನಾನು ಮೂವರೇ. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಡುಲೂತ್ ದಾಟಿದ ಮೇಲೆ ವಿಸ್ಕಾನ್ಸಿನ್‌ನ ಉತ್ತರದ ಅಂಚು ಹಿಡಿದು ಮಿಷಿಗನ್ ಸೇರಬೇಕು. ಹೋಗಬೇಕಾದ್ದು ಕ್ವಿನ್ಸಿ ತಾಮ್ರದ ಗಣಿಗೆ, ಅದಿರುವುದು ಕೀವಿನಾ ಪರ್ಯಾಯ ದ್ವೀಪದಲ್ಲಿ. ನಕ್ಷೆಯಲ್ಲಿ ಲೇಕ್ ಸುಪೀರಿಯರ್ ಒಳಗೆ ಬಾಗಿದ ಬೆರಳಿನ ಹಾಗೆ ಚಾಚಿಕೊಂಡಿದೆ. ದಾರಿಯುದ್ದಕ್ಕೂ ಮೇಪಲ್ ಮರಗಳು ಕೆಂಪಾಗಿದ್ದವು. ಅಪ್ಪ ಅದನ್ನೂ "ಚೆನ್ನಾಗಿದೆ" ಲೆಕ್ಕಕ್ಕೆ ಸೇರಿಸಿದರು.

ಇಲ್ಲೊಂದು ಎಡವಟ್ಟಾಯಿತು. ಐರನ್‌ವುಡ್ ಊರಿನವರೆಗೂ ನಮ್ಮ ಗಡಿಯಾರವೇ ಸರಿ. ಅಲ್ಲಿಂದ ಮುಂದೆ ಆಂಟನಾಗನ್ ಕೌಂಟಿ ಶುರುವಾದರೆ ಒಂದು ಗಂಟೆ ಮುಂದೆ. ನಾನು ಕಾರಿನ ಗಡಿಯಾರ ನಂಬಿಕೊಂಡು ಕಾಫಿಗೆ ಅಂತ ಎರಡು ಕಡೆ ಆರಾಮಾಗಿ ನಿಲ್ಲಿಸಿದ್ದೆ. ಗಣಿಯ ಬೆಟ್ಟ ಹತ್ತುವ ಹೊತ್ತಿಗೆ ನಮಗೆ ನಾಲ್ಕೂವರೆ, ಅವರಿಗೆ ಐದೂವರೆ. ಆ ದಿನದ ಕೊನೆಯ ಟೂರ್ ಯಾವಾಗಲೋ ಮುಗಿದಿತ್ತು. ಅಪ್ಪನ ಎಚ್‌ಎಂಟಿ ವಾಚು ಮಾತ್ರ ಇನ್ನೂ ಭಾರತದ ಟೈಮಿನಲ್ಲೇ ಇತ್ತು. "ನಂದೇ ವಾಸಿ, ಎಲ್ಲೂ ಬದಲಾಗಲ್ಲ" ಅಂದರು.

ಒಳಗೆ ಹೋಗಲು ಆಗದಿದ್ದರೂ ಹೊರಗಿನಿಂದ ಶಾಫ್ಟ್-ರಾಕ್‌ಹೌಸ್ ನೋಡಿದೆವು. 1908ರಲ್ಲಿ ಕಟ್ಟಿದ ಉಕ್ಕಿನ ಕಟ್ಟಡ. ಸುಮಾರು 150 ಅಡಿ ಎತ್ತರ, ಒಂದು ಪಕ್ಕ ಏಣಿಯ ಹಾಗೆ ಇಳಿಜಾರು. ನೆಲದೊಳಗಿಂದ ಬಂದ ಸ್ಕಿಪ್ಪು ಇದರ ತಲೆಯವರೆಗೂ ಏರಿ ಕಲ್ಲು ಸುರಿಯುತ್ತಿತ್ತು. ಒಳಗೇ ಒಡೆದು, ಬೇರೆ ಮಾಡಿ, ಕೆಳಗೆ ನಿಂತ ರೈಲು ಡಬ್ಬಿಗೆ ತುಂಬುತ್ತಿದ್ದರು. ಅಪ್ಪ ತಲೆ ಎತ್ತಿ ನೋಡುತ್ತಾ ಕತ್ತು ನೋಯುವವರೆಗೂ ನಿಂತರು. "ಶಾಫ್ಟ್ ಮೇಲಿನ ನಮ್ಮ ಹೆಡ್‌ಗೇರ್ ಗೋಪುರ ಹೀಗಿರಲಿಲ್ಲ. ಅದು ಬರೀ ಮೂಳೆ. ಇವರು ಅದಕ್ಕೆ ಅಂಗಿ ತೊಡಿಸಿದ್ದಾರೆ." ಇಲ್ಲಿನ ಹಿಮಕ್ಕೆ ಅಂಗಿ ಬೇಕೇ ಬೇಕು.

ಬೆಟ್ಟದ ಕೆಳಗೆ ಹ್ಯಾನ್‌ಕಾಕ್, ನೀರಿನ ಆಚೆ ಹೋಟನ್. ಬರೆಯುವುದು ನೋಡಿ ನಾನು 'ಹೌಟನ್' ಅನ್ನುತ್ತಿದ್ದೆ, ಮೋಟೆಲಿನವರು ತಿದ್ದಿದರು. ನಡುವೆ 1959ರ ಎರಡು ಮಾಳಿಗೆಯ ಸೇತುವೆ. ದೋಣಿ ಬಂದರೆ ಮಧ್ಯದ ಭಾಗ ಇಡಿಯಾಗಿ ಮೇಲೇಳುತ್ತದೆ. ಅಪ್ಪನಿಗೆ ಇದೂ ವೈಂಡರ್ ಥರವೇ ಕಂಡಿತು. "ಕೌಂಟರ್‌ವೇಟ್ ಎಲ್ಲಿದೆ ತೋರಿಸು" ಅಂತ ಮೊಮ್ಮಗನಿಗೆ ಪಾಠ ಶುರುಮಾಡಿದರು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಮೊದಲ ಟೂರ್‌ಗೇ ಹೋದೆವು. ನಮ್ಮ ಗುಂಪಿನಲ್ಲಿ ಹತ್ತು ಜನ ಇರಬಹುದು.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಕ್ವಿನ್ಸಿ ಕಂಪನಿ ಶುರುವಾದದ್ದು 1846ರಲ್ಲಿ. ಇಲ್ಲಿನ ತಾಮ್ರದ ವಿಶೇಷ ಏನೆಂದರೆ ಅದು ಲೋಹವಾಗಿಯೇ ಸಿಗುತ್ತದೆ. ನಮ್ಮ ಚಿತ್ರದುರ್ಗದ ಇಂಗಳದಾಳ್‌ನಲ್ಲಿ ತೆಗೆಯುತ್ತಿದ್ದದ್ದು ಗಂಧಕ ಸೇರಿದ ಅದಿರು, ನೋಡಲು ಹಳದಿ ಕಲ್ಲು. ಇಲ್ಲಿ ಹಾಗಲ್ಲ. ಕಲ್ಲಿನ ಗುಳಿಗಳಲ್ಲಿ, ಸೀಳುಗಳಲ್ಲಿ ಅಪ್ಪಟ ತಾಮ್ರ ಕೂತಿರುತ್ತದೆ. ಸಾವಿರಾರು ವರ್ಷ ಮೊದಲೇ ಇಲ್ಲಿನ ಮೂಲ ಜನ ಇದನ್ನು ಕಲ್ಲಿನ ಸುತ್ತಿಗೆಯಿಂದ ಬಿಡಿಸಿ, ಬಡಿದು ಚಾಕು, ಭರ್ಜಿ ಮಾಡಿಕೊಳ್ಳುತ್ತಿದ್ದರು. ಗಣಿಯವರಿಗೆ ಕೆಲವೊಮ್ಮೆ ಟನ್‌ಗಟ್ಟಲೆ ತೂಗುವ ಒಂದೇ ಗಟ್ಟಿ ಸಿಗುತ್ತಿತ್ತಂತೆ. ಖುಷಿ ಪಡುವ ಹಾಗಿಲ್ಲ. ಮದ್ದಿಟ್ಟರೆ ತಾಮ್ರ ಒಡೆಯುವುದಿಲ್ಲ, ಬಾಗುತ್ತದೆ ಅಷ್ಟೆ. ಉಳಿ ಹಿಡಿದು ದಿನಗಟ್ಟಲೆ ಕತ್ತರಿಸಬೇಕು.

1868ರಿಂದ 1920ರವರೆಗೆ ಕಂಪನಿ ಪ್ರತಿ ವರ್ಷ ಲಾಭಾಂಶ ಹಂಚಿತು. ಅದಕ್ಕೇ ಅದರ ಅಡ್ಡಹೆಸರು 'ಓಲ್ಡ್ ರಿಲಯಬಲ್', ನಂಬಿಕಸ್ಥ ಮುದುಕ ಅನ್ನೋಣ. ಈ 1920 ಅನ್ನುವ ವರ್ಷ ನೆನಪಿಟ್ಟುಕೊಳ್ಳಿ.

ಹಾಯ್ಸ್ಟ್ ಅಂದರೆ ಎತ್ತುವ ಯಂತ್ರ. ಅದರ ಮನೆ ಹೊರಗಿನಿಂದ ಗಣಿಯ ಕಟ್ಟಡ ಅನ್ನಿಸುವುದೇ ಇಲ್ಲ. ದೊಡ್ಡ ಕಿಟಕಿಗಳು, ಒಳಗಡೆ ಗೋಡೆಗೆ ಇಟಲಿಯ ಟೈಲ್ಸು. ಹಳೇ ಕಾಲದ ಬ್ಯಾಂಕಿನ ಥರ. ಬಾಗಿಲು ದಾಟಿದ ತಕ್ಷಣ ಆ ಯಂತ್ರ. ಬಾಗಿಲಲ್ಲೇ ಅಪ್ಪ ಕ್ಯಾಪ್ ತೆಗೆದರು. ಬೇಕಂತಲೇ ತೆಗೆದರೋ, ತಲೆ ತುರಿಸಿತೋ, ನಾನು ಕೇಳಲಿಲ್ಲ.

ಮಿಲ್ವಾಕಿಯ ನಾರ್ಡ್‌ಬರ್ಗ್ ಕಂಪನಿ ಮಾಡಿಕೊಟ್ಟ ಉಗಿ ಹಾಯ್ಸ್ಟ್ ಇದು. ಗಣಿಗಾಗಿ ಮಾಡಿದ ಉಗಿ ಹಾಯ್ಸ್ಟ್‌ಗಳಲ್ಲಿ ಜಗತ್ತಿಗೇ ದೊಡ್ಡದು. ಇಲ್ಲಿಯವರು ಹಾಯ್ಸ್ಟ್ ಅನ್ನುವುದನ್ನೇ ನಮ್ಮವರು ವೈಂಡರ್ ಅನ್ನುತ್ತಿದ್ದರು. ತೂಕ 880 ಟನ್. ಡ್ರಮ್ಮಿನ ಅಡ್ಡಳತೆ 30 ಅಡಿ, ಅಂದರೆ ಮೂರು ಅಂತಸ್ತಿನ ಮನೆ. ಒಂದು ಸಲಕ್ಕೆ 10 ಟನ್ ಕಲ್ಲು, ನಿಮಿಷಕ್ಕೆ 3,200 ಅಡಿ ವೇಗ. ಗಂಟೆಗೆ ಸುಮಾರು 58 ಕಿಲೋಮೀಟರ್ ಆಯಿತು. ನಾಲ್ಕು ಸಿಲಿಂಡರು. ಉಗಿ ಮೊದಲು ಸಣ್ಣ ಸಿಲಿಂಡರಿನಲ್ಲಿ ದುಡಿದು, ಮಿಕ್ಕ ಶಕ್ತಿಯಲ್ಲಿ ದೊಡ್ಡದರಲ್ಲಿ ಮತ್ತೆ ದುಡಿಯುತ್ತದೆ. ಕಲ್ಲಿದ್ದಲು ಉಳಿಸುವ ಉಪಾಯ. ಗಣಿ ಆಳಕ್ಕೆ ಹೋದಷ್ಟೂ ಎತ್ತುವ ಖರ್ಚೇ ಲಾಭ ತಿನ್ನುತ್ತಿತ್ತು.

ಗೈಡ್ ಹುಡುಗಿ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅಪ್ಪ ಗುಂಪಿನಲ್ಲಿ ಇರಲಿಲ್ಲ. ಡ್ರಮ್ಮಿನ ಆ ಬದಿಯಲ್ಲಿ, ಕಂಬಿಗೆ ಕೈ ಊರಿ ಬಗ್ಗಿ ನೋಡುತ್ತಿದ್ದರು. ಮಗನನ್ನು ಕರೆದು, "ಇದು ಪೂರ್ತಿ ಉರುಳೆ ಅಲ್ಲ, ನೋಡು. ಎರಡೂ ಕೊನೆ ಶಂಕುವಿನ ಹಾಗೆ ಸಣ್ಣಗಾಗಿದೆ. ಯಾಕೆ ಹೇಳು?" ಅಂದರು. ಮಗನಿಗೆ ಗೊತ್ತಿರಲಿಲ್ಲ, ನನಗೂ ಇಲ್ಲ.

ಅಪ್ಪ ಬಾವಿಯಿಂದ ಶುರುಮಾಡಿದರು. ಬಾವಿ ಆಳ ಇದ್ದಾಗ ಮೊದಲ ನಾಲ್ಕು ಎಳೆತವೇ ಕಷ್ಟ, ಯಾಕೆಂದರೆ ಕೊಡದ ಜೊತೆ ಉದ್ದದ ಹಗ್ಗವನ್ನೂ ಎತ್ತುತ್ತಿರುತ್ತೇವೆ. ಇಲ್ಲಿ ಸಾವಿರಾರು ಅಡಿ ಉಕ್ಕಿನ ಹಗ್ಗ. ಸ್ಕಿಪ್ಪು ತಳದಲ್ಲಿದ್ದಾಗ ಕಲ್ಲಿಗಿಂತ ಹಗ್ಗದ ಭಾರವೇ ಜಾಸ್ತಿ. ಅದಕ್ಕೇ ಎತ್ತಲು ಶುರುಮಾಡುವಾಗ ಹಗ್ಗ ಡ್ರಮ್ಮಿನ ಸಣ್ಣ ಕೊನೆಗೆ ಸುತ್ತಿಕೊಳ್ಳುತ್ತದೆ. ನಿಧಾನ, ಆದರೆ ಬಲ ಕಮ್ಮಿ ಸಾಕು. ಸ್ಕಿಪ್ಪು ಮೇಲೆ ಬಂದು ಹಗ್ಗ ಗಿಡ್ಡ ಆಗುತ್ತಾ ಹೋದಂತೆ ಸುತ್ತು ದೊಡ್ಡದಾಗುತ್ತದೆ, ವೇಗವೂ ಏರುತ್ತದೆ. "ಇನ್ನೊಂದು ಕೊನೆಯಲ್ಲಿ ಇದೇ ಹೊತ್ತಿಗೆ ಖಾಲಿ ಸ್ಕಿಪ್ಪು ಇಳೀತಿರುತ್ತೆ. ಅದರ ಭಾರ ಇದಕ್ಕೆ ಸಹಾಯ. ತಕ್ಕಡಿ ಇದ್ದ ಹಾಗೆ."

ಗೈಡ್ ನಮ್ಮ ಕನ್ನಡ ಕೇಳುತ್ತಾ ಹತ್ತಿರ ಬಂದಳು. ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಹೇಳಿದೆ. ಅವಳು ತಕ್ಷಣ ಚಾಲಕನ ಕಟ್ಟೆಯ ಹತ್ತಿರ ಕರೆದುಕೊಂಡು ಹೋದಳು. ಎದುರಿಗೆ ಲಿವರುಗಳು, ಸ್ಕಿಪ್ಪು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಗಡಿಯಾರದಂಥ ತಟ್ಟೆ. ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಆಗ ಬೆರಳಲ್ಲೇ ಮಾತಾಡಿದರು. ಕಟಕಟೆಯ ಮೇಲೆ ಒಂದು ಸಲ ತಟ್ಟಿದರು. ಓಡುತ್ತಿರುವಾಗ ಒಂದು ಗಂಟೆ ಅಂದರೆ ನಿಲ್ಲಿಸು. ಎರಡು ಅಂದರೆ ಇಳಿಸು. ಮೂರು ಅಂದರೆ ಜನ ಹತ್ತಿದ್ದಾರೆ. "ಮೂರು ಬಿದ್ದರೆ ನಾವು ಉಸಿರೂ ನಿಧಾನ ಬಿಡ್ತಿದ್ವಿ" ಅಂದರು. ಇಷ್ಟು ವರ್ಷ ಮನೆಯಲ್ಲಿ ಈ ಮಾತು ನಾನು ಕೇಳಿರಲಿಲ್ಲ.

ಆಮೇಲೆ ಅವರಿಗೊಂದು ಅನುಮಾನ. "1920ರಲ್ಲಿ ಉಗಿ ಯಾಕೆ? ನಮ್ಮಲ್ಲಿ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತಲ್ಲ!" ಕೆಜಿಎಫ್‌ನಲ್ಲೂ ಮೊದಲಿದ್ದದ್ದು ಉಗಿ ಎಂಜಿನ್‌ಗಳೇ ಅಂತ ಆಮೇಲೆ ತಾವೇ ಒಪ್ಪಿಕೊಂಡರು. ಆದರೂ ಹದಿನೆಂಟು ವರ್ಷದ ಹೆಮ್ಮೆಯನ್ನು ಯಾಕೆ ಬಿಡಬೇಕು, ಅಲ್ವಾ?

ಇನ್ನು ನೆನಪಿಟ್ಟುಕೊಳ್ಳಿ ಅಂದಿದ್ದ ಆ ವರ್ಷದ ವಿಷಯ. ಕಟ್ಟಡ ಸೇರಿ ಸುಮಾರು 3,70,000 ಡಾಲರ್ ಸುರಿದು 1920ರಲ್ಲಿ ಇದನ್ನು ಓಡಿಸಲು ಶುರುಮಾಡಿದರು. ಲಾಭಾಂಶದ ಸಾಲು ಮುರಿದದ್ದೂ ಅಲ್ಲಿಗೇ. ಮೊದಲನೇ ಮಹಾಯುದ್ಧ ಮುಗಿದು ತಾಮ್ರದ ಬೆಲೆ ಬಿದ್ದಿತ್ತು. ಪಶ್ಚಿಮದ ರಾಜ್ಯಗಳಲ್ಲಿ ಬಯಲಲ್ಲೇ ಅಗೆದು ಅಗ್ಗಕ್ಕೆ ತಾಮ್ರ ತೆಗೆಯುತ್ತಿದ್ದರು. 1931ರಲ್ಲಿ ಗಣಿ ನಿಂತಿತು, ಹಾಯ್ಸ್ಟೂ ನಿಂತಿತು. 1937ರಲ್ಲಿ ಗಣಿ ಮತ್ತೆ ತೆರೆದು 1945ರಲ್ಲಿ ಪೂರ್ತಿ ಮುಚ್ಚಿತು. ಈ ದೈತ್ಯ ದುಡಿದದ್ದು ಬರೀ ಹನ್ನೊಂದು ವರ್ಷ.

"ನನ್ನಷ್ಟೇ!" ಅಂದ ಮಗ. ಅವನಿಗೀಗ ಹನ್ನೊಂದು.

ಅಪ್ಪ ಏನೂ ಅನ್ನಲಿಲ್ಲ. ಹಗ್ಗದ ಎಳೆಗಳನ್ನೇ ನೋಡುತ್ತಿದ್ದರು. ಬೇರಿಂಗ್ ಇನ್ನೂ ಹೊಸದಿದ್ದ ಹಾಗಿದೆ, ಸವೆಯುವುದಕ್ಕೇ ಬಿಟ್ಟಿಲ್ಲ ಅಂತ ಕೊನೆಗೆ ಗೊಣಗಿದರು.

ಮುಂದಿನದ್ದು ಫೋಟೋ ಗಲಾಟೆ. ಬಂಗಾರಪೇಟೆಯಲ್ಲಿ ಅಪ್ಪನ ಹಳೇ ಜೊತೆಗಾರರೊಬ್ಬರು ಇದ್ದಾರೆ, ಫಿಟ್ಟರ್ ಆಗಿದ್ದವರು. ಅವರಿಗೆ ಕಣ್ಣು ಮಂಜಾಗಿದೆ, ಫೋನಿನಲ್ಲಿ ಕಾಣುವುದಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಬೇಕು. ಆದರೆ ಎಲ್ಲಿ ನಿಂತರೂ ಡ್ರಮ್ಮು ಪೂರ್ತಿ ಫೋನಿನಲ್ಲಿ ಹಿಡಿಸುತ್ತಿಲ್ಲ. ಹಿಂದೆ ಸರಿದರೆ ಗೋಡೆ. ಕೊನೆಗೆ ಅಪ್ಪ ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿದರು. ಗಾತ್ರ ಗೊತ್ತಾಗಲಿ ಅಂತ. "ನೆಟ್ಟಗೆ ನಿಂತ್ಕೋ ಪುಟ್ಟ. ನಗಬೇಡ, ಇದು ಅಳತೆ."

ಅಲ್ಲಿಂದ ಹಲ್ಲು ಹಳಿಯ ಪುಟ್ಟ ಟ್ರಾಮ್ ಬೆಟ್ಟದ ಇಳಿಜಾರಿನಲ್ಲಿ ಕೆಳಗೆ ಒಯ್ಯುತ್ತದೆ. ಕೆಳಗೆ ಸುರಂಗದ ಬಾಯಿ. ಹೆಲ್ಮೆಟ್, ದಪ್ಪ ಕೋಟು ಕೊಟ್ಟು, ಟ್ರಾಕ್ಟರ್ ಎಳೆಯುವ ಬಂಡಿಯಲ್ಲಿ ಏಳನೇ ಲೆವೆಲ್‌ಗೆ, ಅಂದರೆ ಗಣಿಯ ಏಳನೇ ಅಂತಸ್ತಿಗೆ, ಕರೆದುಕೊಂಡು ಹೋಗುತ್ತಾರೆ. ಒಳಗೆ ಆರೇಳು ಡಿಗ್ರಿ ಚಳಿ. ಅಪ್ಪನಿಗೆ ಇದು ದೊಡ್ಡ ಸೋಜಿಗ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ, 3 ಕಿಲೋಮೀಟರ್ ಆಳದಲ್ಲಿ, ಬಂಡೆ 60 ಡಿಗ್ರಿ ದಾಟಿ ಸುಡುತ್ತಿತ್ತು. ತಂಪು ಗಾಳಿ ಮೇಲಿನಿಂದ ಕಳಿಸಬೇಕಿತ್ತು. "ಗಣಿಯಲ್ಲಿ ಸ್ವೆಟರ್ ಹಾಕ್ಕೊಂಡಿದ್ದೆ ಅಂದ್ರೆ ಊರಲ್ಲಿ ಯಾರೂ ನಂಬಲ್ಲ."

ಎರಡನೇ ನಂಬರ್ ಶಾಫ್ಟ್ ನೆಟ್ಟಗೆ ಇಳಿಯುವುದಿಲ್ಲ, ತಾಮ್ರದ ಪದರದ ಜೊತೆ ಓರೆಯಾಗಿ ಇಳಿಯುತ್ತದೆ. ಆ ಓರೆಯಲ್ಲಿ ಅಳೆದರೆ 9,260 ಅಡಿ, ಒಟ್ಟು 92 ಲೆವೆಲ್. ನಾವು ನಿಂತ ಏಳನೆಯದರ ಕೆಳಗೆ ಎಲ್ಲವೂ ನೀರು. 85 ಲೆವೆಲ್ ಮುಳುಗಿವೆ. ಪಂಪು ನಿಂತರೆ ಯಾವ ಗಣಿಗೂ ಇದೇ ಗತಿ. ಅಪ್ಪನ ಗಣಿಯೂ ಈಗ ಹಾಗೇ ತುಂಬಿಕೊಂಡಿದೆ.

ಗೈಡ್ 'ಏರ್ ಬ್ಲಾಸ್ಟ್' ಅಂದಾಗ ಅಪ್ಪ ಥಟ್ಟನೆ ತಿರುಗಿದರು. ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದು, ಮೇಲಿನ ಊರಿನ ಮನೆಗಳೂ ಅಲುಗುತ್ತಿದ್ದವು. ಕೆಜಿಎಫ್‌ನಲ್ಲೂ ಮೊದಲು ಇದೇ ಹೆಸರು, ಆಮೇಲೆ 'ರಾಕ್ ಬರ್ಸ್ಟ್' ಅನ್ನತೊಡಗಿದರು. ನಾನು ಚಿಕ್ಕವಳಿದ್ದಾಗ ರಾತ್ರಿ ಪಾತ್ರೆಗಳು ಗಲಗಲ ಅಂದರೆ ಅಮ್ಮ ಎದ್ದು ದೀಪ ಹಾಕಿ ಕೂರುತ್ತಿದ್ದಳು. ಅಪ್ಪನ ಶಿಫ್ಟ್ ಯಾವುದು ಅಂತ ಕ್ಯಾಲೆಂಡರ್ ನೋಡುತ್ತಿದ್ದಳು. ಈ ಎರಡು ಊರಿಗೂ ಗಣಿಯ ಮಾತು ಕಲಿಸಿದವರು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು. ಅವರ ನಾಡಿನ ತಾಮ್ರ, ತವರ ಸೊರಗಿದಾಗ ಮಿಷಿಗನ್‌ಗೂ ಬಂದರು, ಕೋಲಾರಕ್ಕೂ ಬಂದರು.

ಮೇಲೆ ಬಂದ ಮೇಲೆ ಕಾರ್ಮಿಕರನ್ನು ಗಣಿಗೆ ಇಳಿಸಿ ಏರಿಸುತ್ತಿದ್ದ ಮ್ಯಾನ್-ಕಾರ್ ನೋಡಿದೆವು. ಟೆಂಟ್ ಸಿನಿಮಾದ ಗ್ಯಾಲರಿಯನ್ನು ಚಕ್ರದ ಮೇಲೆ ಕೂರಿಸಿದ ಹಾಗೆ ಮೆಟ್ಟಿಲು ಸೀಟು. ಒಂದು ಸಲಕ್ಕೆ 30 ಜನ. ಮೇಲೆ ಮುಚ್ಚಿಗೆ ಇಲ್ಲ. ಅದಕ್ಕೂ ಮುಂಚೆ, 1866ರಲ್ಲಿ ಹಾಕಿದ 'ಮ್ಯಾನ್ ಎಂಜಿನ್' ಇತ್ತಂತೆ. ಮೇಲೆ ಕೆಳಗೆ ಆಡುವ ಎರಡು ತೊಲೆಗಳಿಗೆ ಹಲಗೆ ಹೊಡೆದಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ದಾಟಿಸುತ್ತಾ ಏರಬೇಕು. ಹೆಜ್ಜೆ ತಪ್ಪಿದರೆ ಮುಗಿಯಿತು.

ಮಧ್ಯಾಹ್ನ ಹ್ಯಾನ್‌ಕಾಕ್‌ನಲ್ಲಿ ಪ್ಯಾಸ್ಟಿ ತಿಂದೆವು. ಇದೂ ಕಾರ್ನ್‌ವಾಲ್‌ನವರ ಬುತ್ತಿ. ಕರ್ಜಿಕಾಯಿಯನ್ನು ಅಂಗೈಗಿಂತ ದೊಡ್ಡದು ಮಾಡಿ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿದರೆ ಹೀಗಾಗುತ್ತದೆ. ನಾವು ತರಕಾರಿಯದು ತೆಗೆದುಕೊಂಡೆವು. ಸಪ್ಪೆ. ಅಪ್ಪ ಕೈಚೀಲದಿಂದ ಮಾವಿನ ಉಪ್ಪಿನಕಾಯಿ ತೆಗೆದ ಮೇಲೆ ಸರಿಹೋಯಿತು. ಸಂಜೆ ಹೋಟನ್‌ನ ಖನಿಜ ಮ್ಯೂಸಿಯಂನಲ್ಲಿ ಲೇಕ್ ಸುಪೀರಿಯರ್ ತಳದಿಂದ ಎತ್ತಿದ 19 ಟನ್ ತಾಮ್ರದ ಹಲಗೆ ನೋಡಿದೆವು. ಹಸಿರುಗಟ್ಟಿದೆ. ಅಷ್ಟು ಹೊತ್ತಿಗೆ ಮೂವರ ಕಾಲೂ ಸೋತಿದ್ದವು.

ಮೂರನೇ ದಿನ, ಶನಿವಾರ

ಜಿಟಿಜಿಟಿ ಮಳೆ. ಕಾಲುವೆಯ ದಡದ ಕ್ವಿನ್ಸಿ ಸ್ಮೆಲ್ಟರನ್ನು ಹೊರಗಿನಿಂದಲೇ ನೋಡಿದೆವು. 1898ರದ್ದು. ಆ ಕಾಲದ ತಾಮ್ರ ಕರಗಿಸುವ ಕುಲುಮೆಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದಿಲ್ಲ ಅನ್ನುತ್ತಾರೆ.

ಟಾರ್ಚ್ ಲೇಕ್ ದಡದಲ್ಲಿ, ರಸ್ತೆ ಪಕ್ಕದಲ್ಲೇ, ಒಂದು ಹಡಗಿನಂಥದ್ದು ಓರೆಯಾಗಿ ಅರ್ಧ ಮುಳುಗಿ ನಿಂತಿದೆ. ಅದು ಎರಡನೇ ನಂಬರ್ ಡ್ರೆಜ್, ನೀರಿನ ತಳದ ಮರಳು ಹೀರುವ ತೇಲು ಯಂತ್ರ. ಮೊದಲು ಪಕ್ಕದ ಕ್ಯಾಲುಮೆಟ್ ಆ್ಯಂಡ್ ಹೆಕ್ಲಾ ಕಂಪನಿಯದು, 1914ರಲ್ಲಿ ಕಟ್ಟಿದ್ದು. 1951ರಲ್ಲಿ ಕ್ವಿನ್ಸಿ ಕೊಂಡುಕೊಂಡಿತು. ಗಿರಣಿಯಲ್ಲಿ ಕಲ್ಲು ಕುಟ್ಟಿ ತಾಮ್ರ ತೆಗೆದ ಮೇಲೆ ಉಳಿದ ಮರಳನ್ನು ದಶಕಗಳ ಕಾಲ ಈ ಕೆರೆಗೇ ಸುರಿದಿದ್ದರು. ಹಳೇ ಗಿರಣಿಗಳು ಪೂರ್ತಿ ತಾಮ್ರ ಹಿಡಿಯುತ್ತಿರಲಿಲ್ಲ. 1943ರಿಂದ ಕ್ವಿನ್ಸಿಯವರು ಅದೇ ಮರಳನ್ನು ಕೆರೆ ತಳದಿಂದ ಹೀರಿ ಮತ್ತೆ ಸೋಸಿದರು. ಗಣಿ ಮುಚ್ಚಿದ ಮೇಲೂ ಇಪ್ಪತ್ತು ವರ್ಷ ಕಂಪನಿ ಬದುಕಿದ್ದು ತನ್ನದೇ ಕಸದಿಂದ. 1967ರ ಚಳಿಗಾಲದಲ್ಲಿ ಡ್ರೆಜ್ ಮುಳುಗಿತು, ಎತ್ತುವ ಗೋಜಿಗೆ ಯಾರೂ ಹೋಗಲಿಲ್ಲ.

"ನಮ್ಮ ಸಯನೈಡ್ ದಿಬ್ಬವೂ ಹೀಗೇ" ಅಂದರು ಅಪ್ಪ. ಕೆಜಿಎಫ್‌ನ ಆ ಬಿಳಿ ದಿಬ್ಬಗಳಿಂದಲೂ ಮತ್ತೆ ಚಿನ್ನ ತೆಗೆದದ್ದುಂಟು. ನಾವು ಮಕ್ಕಳು ಜಾರಿ ಆಡುತ್ತಿದ್ದ ದಿಬ್ಬ. ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಪುಡಿ. ನನಗೆ ಕ್ವಿನ್ಸಿಯ ಬೇರೆಲ್ಲ ಯಂತ್ರಕ್ಕಿಂತ ಈ ತುಕ್ಕು ಹಿಡಿದ ಡ್ರೆಜ್ಜೇ ಜಾಸ್ತಿ ಇಷ್ಟವಾಯಿತು. ಇದಕ್ಕೆ ಬಣ್ಣ ಬಳಿದಿಲ್ಲ, ಟಿಕೆಟ್ ಇಲ್ಲ, ಕಿಟಕಿಯಲ್ಲಿ ಹಕ್ಕಿ ಕೂತಿದೆ.

ಕ್ಯಾಲುಮೆಟ್ ಊರಿನಲ್ಲಿ ಇಟಾಲಿಯನ್ ಹಾಲ್ ಇದ್ದ ಜಾಗಕ್ಕೆ ಹೋದೆವು. 1913ರ ಜುಲೈನಲ್ಲಿ ಗಣಿ ಕಾರ್ಮಿಕರ ಮುಷ್ಕರ ಶುರುವಾಗಿತ್ತು. ಜಗಳದ ಒಂದು ಕಾರಣ ಹೊಸ ಡ್ರಿಲ್ ಯಂತ್ರ. ಇಬ್ಬರು ನಡೆಸುತ್ತಿದ್ದದ್ದನ್ನು ಒಬ್ಬನೇ ನಡೆಸಬೇಕು. ಒಬ್ಬನೇ ಇದ್ದಾಗ ಬಂಡೆ ಬಿದ್ದರೆ ಕೂಗುವವರಿಲ್ಲ. ಅದಕ್ಕೆ ಅವರಿಟ್ಟ ಹೆಸರು 'ವಿಧವೆ ಮಾಡುವ ಯಂತ್ರ'. ಹಿಂದಿನ ದಿನ ಕ್ವಿನ್ಸಿಯಲ್ಲಿ ಅಂಥ ಡ್ರಿಲ್ ನೋಡಿ 'ಪರವಾಗಿಲ್ಲ, ಚಿಕ್ಕದಾಗಿದೆ' ಅಂದುಕೊಂಡಿದ್ದೆ. ಆ ಡಿಸೆಂಬರ್ 24ರಂದು ಮುಷ್ಕರ ಹೂಡಿದವರ ಮಕ್ಕಳಿಗೆ ಈ ಹಾಲ್‌ನಲ್ಲಿ ಹಬ್ಬದ ಕೂಟ ಇತ್ತು. ಯಾರೋ 'ಬೆಂಕಿ' ಎಂದು ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 73 ಜನ ಸತ್ತರು, ಅದರಲ್ಲಿ 59 ಮಕ್ಕಳು. ಕಟ್ಟಡವನ್ನು 1984ರಲ್ಲಿ ಕೆಡವಿದರು. ಬಾಗಿಲ ಕಮಾನು ಮಾತ್ರ ಹುಲ್ಲಿನ ನಡುವೆ ನಿಂತಿದೆ. ಮಗ ಅದರ ಕೆಳಗೆ ದಾಟಲು ಹೋದ. ಅಪ್ಪ ಅವನ ಕೈ ಹಿಡಿದು ಪಕ್ಕದಿಂದ ಕರೆದುಕೊಂಡು ಬಂದರು. ನಾವು ಯಾರೂ ಅಲ್ಲಿ ಫೋಟೋ ತೆಗೆಯಲಿಲ್ಲ.

ಸ್ವಲ್ಪ ಮುಂದೆ ಹೆದ್ದಾರಿ ಪಕ್ಕದಲ್ಲಿ ಹಿಮದ ಅಳತೆ ಕಂಬ. 1978–79ರ ಚಳಿಗಾಲದ ದಾಖಲೆ 390.4 ಅಂಗುಲ. ಮಗ ಫೋನಿನಲ್ಲಿ ಭಾಗಿಸಿ, "ತಾತ, ಡ್ರಮ್ಮಿಗಿಂತ ಎರಡೂವರೆ ಅಡಿ ಜಾಸ್ತಿ!" ಅಂತ ಕೂಗಿದ. ಈಗ ಅವನಿಗೆ ಲೋಕದ ಅಳತೆಯೆಲ್ಲ ಡ್ರಮ್ಮಿನಲ್ಲೇ.

ನಾಲ್ಕನೇ ದಿನ, ಭಾನುವಾರ

ವಾಪಸ್ ದಾರಿ. ಹೊರಡುವ ಮುಂಚೆ ಅಪ್ಪ ಇನ್ನೊಂದು ಸಲ ಬೆಟ್ಟಕ್ಕೆ ಹೋಗೋಣ ಅಂದರು. ಐದು ನಿಮಿಷ ಅಂತ ಹೋಗಿ ಮುಕ್ಕಾಲು ಗಂಟೆ ಹಾಯ್ಸ್ಟ್ ಮನೆಯಲ್ಲಿದ್ದೆವು. ತಾತ ಮೊಮ್ಮಗ ಸೇರಿ ಲೆಕ್ಕ ಹಾಕಿದರು. ಡ್ರಮ್ಮಿನ ದೊಡ್ಡ ಸುತ್ತು ಸುಮಾರು 94 ಅಡಿ. 9,260 ಅಡಿ ಹಗ್ಗ ಸುತ್ತಲು ಹತ್ತಿರ ಹತ್ತಿರ ನೂರು ಸುತ್ತು. ಪೂರ್ತಿ ವೇಗದಲ್ಲಿ ಮೂರು ನಿಮಿಷ. ಕೊನೆಯ ಸುತ್ತುಗಳಲ್ಲಿ ಬ್ರೇಕ್ ಯಾವಾಗ ಹಿಡಿಯಬೇಕು ಅನ್ನುವುದು ಲೆಕ್ಕದಲ್ಲಿ ಬರುವುದಿಲ್ಲ, ಅದು ಕೈಗೆ ಗೊತ್ತಿರಬೇಕು ಅಂದರು ಅಪ್ಪ.

ಆಂಟನಾಗನ್ ಕೌಂಟಿ ದಾಟಿದಾಗ ಕಳೆದುಕೊಂಡ ಗಂಟೆ ವಾಪಸ್ ಸಿಕ್ಕಿತು. ಚಿತ್ರಾನ್ನ ಮುಗಿದಿತ್ತು, ಪೆಟ್ರೋಲ್ ಬಂಕಿನಲ್ಲಿ ಬ್ರೆಡ್ಡು ತಿಂದೆವು. ಮನೆ ಸೇರಿದಾಗ ರಾತ್ರಿ ಒಂಬತ್ತು.

ಫೋಟೋ ಪ್ರಿಂಟ್ ಬಂದದ್ದು ಮಂಗಳವಾರ. ದೊಡ್ಡ ಸೈಜು. ಆದರೂ ಡ್ರಮ್ಮಿನ ಮೇಲ್ಭಾಗ, ಒಂದು ಪಕ್ಕ ಎರಡೂ ಹೋಗಿದ್ದವು. ಮಗ ಮಾತ್ರ ತಲೆಯಿಂದ ಶೂ ತನಕ ಪೂರ್ತಿ ಬಂದಿದ್ದ, ಮುಖ ಗಂಟಿಕ್ಕಿಕೊಂಡು. ಮತ್ತೊಮ್ಮೆ ಹಾಕಿಸಲಾ ಅಂತ ಕೇಳಿದೆ. ಬೇಡ ಅಂದರು. ಅವನನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ಟೇಪು ಹಿಡಿದು ಅಳೆದರು. ಫೋಟೋ ತಿರುಗಿಸಿ ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಬರೆದರು:

"ಉಗಿ ವೈಂಡರ್. ಡ್ರಮ್ 30 ಅಡಿ. 1920–1931. ಹುಡುಗ 4 ಅಡಿ 8 ಅಂಗುಲ. ಮಿಕ್ಕಿದ್ದು ನೀನೇ ಲೆಕ್ಕ ಹಾಕ್ಕೋ."